ಹೈಬ್ರಿಡ್ ಕಾರೂ ಅಮ್ಮನ ಕಲಗಚ್ಚೂ

"ಹೈಬ್ರಿಡ್ ಅಂದ್ರೆ ಟೊಮ್ಯಾಟೊ ಥರಾನೇನೋ? ನೋಡೋಕೆ ದಪ್ಪ, ಸಾರಿಗೆ ಹಾಕಿದ್ರೆ ಹುಳಿ ಇರೋಲ್ಲ!"

ಹಳೆಯ ಕ್ಯಾಮ್ರಿ ಹೈಬ್ರಿಡ್ ಕಾರು ಕೊಳ್ಳುತ್ತೇನೆ ಎಂದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ ಇದು. ಹೆಂಡತಿಯ ಪ್ರಶ್ನೆ ಅಷ್ಟು ಸುಲಭದ್ದಾಗಿರಲಿಲ್ಲ. "ಹೊಸದರಲ್ಲಿ 30 ಲಕ್ಷದ ಆಸುಪಾಸಿನ ಕಾರು ಅಂತೀರಿ. ಈಗ ಒಂಬತ್ತೂವರೆ ಲಕ್ಷಕ್ಕೆ ಯಾಕ್ರೀ ಕೊಡ್ತಾರೆ?"

ಕಾರು ನನ್ನ ಶೋಕಿಗಲ್ಲ. ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಅಮ್ಮನನ್ನು ತಿಂಗಳಿಗೊಮ್ಮೆ ಮೈಸೂರಿನಿಂದ ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ನಮ್ಮ ಸಣ್ಣ ಕಾರು ಒಂದೊಂದು ಹಂಪಿಗೂ ಎತ್ತಿ ಹಾಕುತ್ತಿತ್ತು. ಅಮ್ಮ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಕಣ್ಣು ಮುಚ್ಚಿಕೊಂಡು, ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿರುತ್ತಿದ್ದಳು. ಕಾಲು ಚಾಚಿ ಕೂರುವಷ್ಟು ಜಾಗವಿರುವ, ಕುಲುಕದ ಕಾರೊಂದು ಬೇಕು ಎಂದು ಅಂದೇ ತೀರ್ಮಾನಿಸಿದೆ.

ಹುಡುಕಿದಾಗ ಸಿಕ್ಕಿದ್ದು 2015ರ ಮಾದರಿ. ಆರ್‌ಸಿ ನೋಡಿದೆ, ಸಾಲ ತೀರಿದ್ದಕ್ಕೆ ಬ್ಯಾಂಕಿನ ಎನ್‌ಒಸಿ ಕೇಳಿ ಪಡೆದೆ, ವಿಮೆ ಮತ್ತು ಸರ್ವಿಸ್ ದಾಖಲೆಗಳನ್ನು ತಾಳೆ ಹಾಕಿದೆ. ಪರಿಚಯದ ಮೆಕ್ಯಾನಿಕ್ ಸ್ಕ್ಯಾನರ್ ಜೋಡಿಸಿ, "ಬ್ಯಾಟರಿಯ ಎಲ್ಲ ಬ್ಲಾಕ್‌ಗಳ ವೋಲ್ಟೇಜೂ ಹೆಚ್ಚುಕಡಿಮೆ ಒಂದೇ ಇದೆ, ತಗೊಳ್ಳಿ ಸರ್" ಎಂದ. ಅದರ ಹಿಂದೆಯೇ ಇನ್ನೊಂದು ಮಾತನ್ನೂ ಸೇರಿಸಿದ: "ಆದ್ರೆ ವಯಸ್ಸಾದ ಬ್ಯಾಟರಿ. ಬದಲಾಯಿಸೋ ಹೊತ್ತು ಬಂದ್ರೆ ಲಕ್ಷಗಟ್ಟಲೆ ಬೇಕು. ಒಂದಿಷ್ಟು ದುಡ್ಡು ಪಕ್ಕಕ್ಕೆ ಇಟ್ಟಿರಿ."

ಮೊದಲ ಮಾತನ್ನು ಮನೆಗೆ ತಂದೆ. ಎರಡನೆಯದನ್ನು ಗ್ಯಾರೇಜಿನಲ್ಲೇ ಬಿಟ್ಟು ಬಂದೆ. ಪಕ್ಕಕ್ಕಿಡಲು ದುಡ್ಡೇ ಇರಲಿಲ್ಲ. ಮಗಳ ಕಾಲೇಜಿಗೆಂದು ಇಟ್ಟಿದ್ದ ಠೇವಣಿಯನ್ನೂ ಮುರಿಸಿದ್ದೆ. ಹೆಂಡತಿಯ ಪ್ರಶ್ನೆಗೆ, "ದೊಡ್ಡ ಕಾರುಗಳ ಬೆಲೆ ಬೇಗ ಇಳಿಯುತ್ತೆ ಕಣೇ" ಎಂದೆ. ಸುಳ್ಳಲ್ಲ, ಅರ್ಧ ಸತ್ಯ. ಹಳೆಯ ಹೈಬ್ರಿಡ್ ಕಾರನ್ನು ಕೊಳ್ಳಲು ಜನ ಬ್ಯಾಟರಿಗಾಗಿಯೇ ಹೆದರುತ್ತಾರೆ ಎಂಬ ಉಳಿದರ್ಧವನ್ನು ನುಂಗಿಕೊಂಡೆ.

ಕಾರು ಮನೆಗೆ ಬಂತು. ಚಕ್ರಕ್ಕೆ ನಿಂಬೆಹಣ್ಣಿಟ್ಟು ಪೂಜೆ ಮಾಡಿ ಗುಂಡಿ ಒತ್ತಿದರೆ ಸದ್ದೇ ಇಲ್ಲ. "ಸ್ಟಾರ್ಟ್ ಆಗ್ಲಿಲ್ವೇನೋ?" ಎಂದು ಅಮ್ಮ ಗಾಬರಿಯಾದಳು. ಎದುರಿನ ಫಲಕದಲ್ಲಿ 'ರೆಡಿ' ಎಂಬ ದೀಪ ಹತ್ತಿದ್ದೇ ಗುರುತು. ನಿಧಾನವಾಗಿ ಹೋಗುವಾಗ ಎಷ್ಟೋ ಸಲ ಮೋಟಾರ್ ಒಂದೇ ಎಳೆಯುತ್ತದೆ, ಎಂಜಿನ್ ಮಲಗಿರುತ್ತದೆ. ನಮ್ಮ ಬೀದಿಯಲ್ಲಿ ಮಲಗಿದ್ದ ನಾಯಿಯೂ ಏಳಲಿಲ್ಲ! ಮಕ್ಕಳು ಆಡುವ ಓಣಿಯಲ್ಲಿ ಇಂಥ ಮೌನ ಒಳ್ಳೆಯದಲ್ಲ ಎಂದು ಅಂದೇ ತಿಳಿಯಿತು. ಅಂದಿನಿಂದ ತಿರುವುಗಳಲ್ಲಿ ಒಮ್ಮೆ ಹಾರ್ನ್ ಮುಟ್ಟುವುದು ಅಭ್ಯಾಸವಾಯಿತು.

"ಇದಕ್ಕೆ ಚಾರ್ಜ್ ಎಲ್ಲಿ ಹಾಕ್ಬೇಕಪ್ಪಾ?" ಎಂದು ಮಗಳು ಕೇಳಿದಳು. ಎಲ್ಲೂ ಹಾಕಬೇಕಾಗಿಲ್ಲ. ಇದರಲ್ಲಿ 2.5 ಲೀಟರಿನ ಪೆಟ್ರೋಲ್ ಎಂಜಿನ್ ಇದೆ, ಜೊತೆಗೆ ವಿದ್ಯುತ್ ಮೋಟಾರ್ ಇದೆ. ಮಾಮೂಲಿ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಓಟದ ಶಕ್ತಿಯೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಇಲ್ಲಿ ಆ ಹೊತ್ತಿನಲ್ಲಿ ಮೋಟಾರೇ ಜನರೇಟರ್ ಆಗಿ, ಆ ಶಕ್ತಿಯಲ್ಲಿ ಒಂದು ಪಾಲನ್ನು ಬ್ಯಾಟರಿಗೆ ತುಂಬುತ್ತದೆ. ಸಾಲದಿದ್ದರೆ ಎಂಜಿನ್ ತುಂಬುತ್ತದೆ. ಇಂಥ ಕಾರನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ತಯಾರಿಸಿದ್ದು ಜಪಾನಿನಲ್ಲಿ, 1997ರಲ್ಲಿ. ಅದರ ಹೆಸರು ಪ್ರಿಯಸ್.

ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಇಷ್ಟೇ ತಾನೆ? ಅಕ್ಕಿ ತೊಳೆದ ನೀರನ್ನ ಮೋರಿಗೆ ಚೆಲ್ಲದೆ ಕಲಗಚ್ಚಿನ ಬಾನಿಗೆ ಹುಯ್ತಿದ್ವಲ್ಲ, ಹಸು ಕುಡಿದು ಹಾಲು ಕೊಡ್ತಿತ್ತಲ್ಲ, ಹಾಗೆ" ಎಂದಳು. ನಾನು ಹತ್ತು ನಿಮಿಷ ಹೇಳಿದ್ದು ಅಮ್ಮನ ಒಂದು ಮಾತಿನಲ್ಲಿ ಮುಗಿದಿತ್ತು.

ಈ ಕಾರನ್ನು ನಮ್ಮ ಬಿಡದಿಯಲ್ಲೇ ಜೋಡಿಸುತ್ತಿದ್ದರು ಎಂದು ತಿಳಿದ ಮೇಲಂತೂ ಅಮ್ಮನಿಗೆ ಅದು ಮನೆಮಗಳಾಯಿತು. ಬೆಂಗಳೂರಿಗೆ ಹೋಗುವಾಗ ಹಳೇ ರಸ್ತೆಯಲ್ಲೇ ಹೋಗಬೇಕು. "ನಿನ್ನ ಕಾರಿನ ತವರುಮನೆ ಬಂತು, ನಿಲ್ಸು" ಎಂದು ತಟ್ಟೆ ಇಡ್ಲಿ ತಿಂದೇ ಮುಂದಕ್ಕೆ. ಲೀಟರಿಗೆ ಹದಿನಾರು ಕಿಲೋಮೀಟರ್ ಸಿಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅಮ್ಮ ಕನ್ನಡಿಯಲ್ಲಿ ನಿದ್ದೆ ಮಾಡುತ್ತಿರುವುದು ಕಾಣುತ್ತಿತ್ತು.

ಹೀಗೆ ಎಂಟು ತಿಂಗಳು. ಏಪ್ರಿಲ್ ತಿಂಗಳ ಒಂದು ಉರಿಬಿಸಿಲಿನ ದಿನ, ಮಂಡ್ಯ ದಾಟುತ್ತಿದ್ದಂತೆ ಫಲಕದಲ್ಲಿ ಎಚ್ಚರಿಕೆಯ ದೀಪ ಹತ್ತಿತು. ಹೈಬ್ರಿಡ್ ವ್ಯವಸ್ಥೆಯನ್ನು ಪರೀಕ್ಷಿಸಿ ಎಂಬ ಸೂಚನೆ. ಹೊಂಗೆ ಮರದ ನೆರಳಿಗೆ ತಂದು ನಿಲ್ಲಿಸಿದೆ. ಒಂದಿಬ್ಬರಿಗೆ ಫೋನ್ ಮಾಡಿದೆ. ಒಬ್ಬರು ಕಾರನ್ನು ನೋಡದೆಯೇ "ಬ್ಯಾಟರಿ ಹೋಗಿರತ್ತೆ" ಎಂದು ಲಕ್ಷಗಳ ಲೆಕ್ಕ ಹೇಳಿದರು. ಫೋನಿನ ಸ್ಪೀಕರ್ ಆನ್ ಇತ್ತು. ಹೆಂಡತಿ ಕೇಳಿಸಿಕೊಂಡಳು.

"ಇದು ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಮತ್ತೆ ಮಾತಾಡಲಿಲ್ಲ. ಟ್ಯಾಕ್ಸಿ ತರಿಸಿ, ಅಮ್ಮನನ್ನು ಮೆಲ್ಲನೆ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟಳು. ನಾನು ಕಾರನ್ನು ಎಳೆಯುವ ಗಾಡಿಗೆ ಕಾಯುತ್ತಾ ಹೊಂಗೆ ಮರದಡಿ ಎರಡು ಗಂಟೆ ಕುಳಿತೆ. ಅಷ್ಟು ಹೊತ್ತೂ ಕಣ್ಣ ಮುಂದಿದ್ದದ್ದು ಬ್ಯಾಟರಿಯಲ್ಲ, ಮಗಳ ಠೇವಣಿ ರಸೀದಿ.

ಮೈಸೂರಿನಲ್ಲಿ ಮೆಕ್ಯಾನಿಕ್ ಹಿಂಬದಿ ಸೀಟಿನ ಹತ್ತಿರದ ಒಂದು ಸಣ್ಣ ಜಾಲರಿಯನ್ನು ಬಿಚ್ಚಿ ನನಗೆ ತೋರಿಸಿದ. ಬ್ಯಾಟರಿಯನ್ನು ತಂಪಾಗಿಡುವ ಗಾಳಿ ಒಳಹೋಗುವ ದಾರಿ ಅದು. ಅದರ ತುಂಬ ಅಮ್ಮನ ಕಂಬಳಿಯ ಎಳೆ, ಧೂಳು, ಮಗಳು ತಿಂದುಳಿಸಿದ ಮಂಡಕ್ಕಿ! ಅದರ ಮೇಲೆ ನಾನೇ ಅಂದವಾಗಿ ಮಡಿಸಿಟ್ಟಿದ್ದ ಕಂಬಳಿ ಬೇರೆ. ಆ ಸೆಕೆಯಲ್ಲಿ ಬ್ಯಾಟರಿ ಉಸಿರುಗಟ್ಟಿ ಕಾದುಹೋಗಿತ್ತು, ಅಷ್ಟೆ. ಅವನು ಫ್ಯಾನ್, ಜಾಲರಿ ಎಲ್ಲ ಶುಚಿಮಾಡಿ, ಬ್ಲಾಕ್‌ಗಳನ್ನು ಮತ್ತೆ ಅಳೆದು, "ಸದ್ಯಕ್ಕೆ ಚೆನ್ನಾಗಿದೆ" ಎಂದ. ಈ ಸಲ 'ಸದ್ಯಕ್ಕೆ' ಎಂಬ ಪದವನ್ನೂ ಮನೆಗೆ ತೆಗೆದುಕೊಂಡು ಹೋದೆ.

ರಾತ್ರಿ ಎಲ್ಲವನ್ನೂ ಹೇಳಿದೆ. ಬ್ಯಾಟರಿಯ ಆಯಸ್ಸು, ಬೆಲೆ, ಮೆಕ್ಯಾನಿಕ್ ಅಂದೇ ಕೊಟ್ಟಿದ್ದ ಸಲಹೆ, ಒಂದನ್ನೂ ಬಿಡಲಿಲ್ಲ. ಹೆಂಡತಿ ತುಸು ಹೊತ್ತು ಸುಮ್ಮನಿದ್ದಳು. "ಅತ್ತೆಗೋಸ್ಕರ ಅಂದಿದ್ರೆ ನಾನು ಬೇಡ ಅಂತಿದ್ನಾ? ಮೊದಲೇ ಹೇಳಿದ್ರೆ ಎಂಟು ತಿಂಗಳಿಂದ ಸ್ವಲ್ಪ ಸ್ವಲ್ಪ ಕೂಡಿಡಬಹುದಿತ್ತು" ಎಂದಳು. ನನ್ನ ಬಳಿ ಉತ್ತರ ಇರಲಿಲ್ಲ.

ಮರುದಿನವೇ ಅಂಚೆ ಕಚೇರಿಯಲ್ಲಿ ಒಂದು ಆರ್‌ಡಿ ಖಾತೆ ತೆರೆದಳು. ತಿಂಗಳಿಗೆ 3,000 ರೂಪಾಯಿ. ಮಗಳು ಪಾಸ್‌ಬುಕ್ಕಿನ ಹೊದಿಕೆಯ ಮೇಲೆ 'ಕಾರಿನ ಕಲಗಚ್ಚು' ಎಂದು ಬರೆದಿದ್ದಾಳೆ. ನನ್ನ ಹೋಟೆಲ್ ಕಾಫಿ, ಭಾನುವಾರದ ಅಂಗಡಿ ಸುತ್ತಾಟ ಎಲ್ಲ ಆ ಬಾನಿಗೆ ಬೀಳುತ್ತಿವೆ. "ಕಾರಿಗೆ ಬ್ರೇಕ್ ಹಾಕಿದ್ರೆ ಉಳಿಯುತ್ತಂತಲ್ಲ, ನಿಮಗೆ ಹಾಕಿದ್ರೂ ಉಳಿಯುತ್ತೆ ನೋಡಿ" ಎನ್ನುತ್ತಾಳೆ.

ಬ್ಯಾಟರಿ ಇನ್ನೂ ನಡೆಯುತ್ತಿದೆ. ಜಾಲರಿಯನ್ನು ಒರೆಸುವುದು ಮಗಳ ಭಾನುವಾರದ ಕೆಲಸ. ಕಂಬಳಿ ಈಗ ಅಮ್ಮನ ತೊಡೆಯ ಮೇಲೆ. ಮೊನ್ನೆ ಬಿಡದಿಯಲ್ಲಿ ಇಡ್ಲಿ ತಿಂದು ಹೊರಡುವಾಗ ಅಮ್ಮ ಕಾರಿನ ಬಾಗಿಲು ಸವರಿ, "ಹೈಬ್ರಿಡ್ ಆದ್ರೂ ಪರವಾಗಿಲ್ಲ ಕಣೋ, ನಾಟಿ ಬುದ್ಧಿ ಇದೆ" ಎಂದಳು.