ಕಾಲಿಗೆ ಬಿಡುವು

ನಮ್ಮ ಮನೆಯಾಕೆಗೆ ಕಾರು ನಡೆಸಲು ಬಾರದು. ಆದರೂ ಕಳೆದ ಮೂವತ್ತು ವರ್ಷಗಳಿಂದ ನನ್ನ ಕಾರಿನ ಬ್ರೇಕನ್ನು ನನಗಿಂತ ಹೆಚ್ಚಾಗಿ ತುಳಿಯುತ್ತ ಬಂದವಳು ಅವಳೇ. ಪಕ್ಕದ ಸೀಟಿನಲ್ಲಿ ಕುಳಿತಿರುವಾಗ ದೂರದಲ್ಲೊಂದು ಎಮ್ಮೆಯ ಬಾಲ ಕಂಡಿತೆಂದರೆ ಸಾಕು, ಆಕೆಯ ಬಲಗಾಲು ತಾನಾಗಿಯೇ ಕೆಳಗಿನ ರಬ್ಬರು ಹಾಸನ್ನು ಒತ್ತುತ್ತದೆ. ಅಲ್ಲಿ ಬ್ರೇಕಿಲ್ಲವೆಂಬುದು ಆಕೆಗೂ ಗೊತ್ತು. ಹಳೆಯ ಕಾರನ್ನು ಮಾರಿದ ದಿನ, ಕೊಳ್ಳಲು ಬಂದವನು ಎಡಗಡೆಯ ಹಾಸಿನಲ್ಲಿ ಬಿದ್ದಿದ್ದ ತೂತನ್ನು ನೋಡಿ, 'ಇದೇನು ಸ್ವಾಮಿ, ಇಲಿ ಕಡಿದಿದೆಯೆ?' ಎಂದು ಕೇಳಿದ. ನಾನು ಉತ್ತರ ಹೇಳಲಿಲ್ಲ. ಆಕೆಯೂ ಅಲ್ಲೇ ನಿಂತಿದ್ದಳು.

ಈ ತೂತಿನ ವಿಷಯವನ್ನು ಬಂಧುಬಳಗದಲ್ಲಿ ನಾನು ಎಷ್ಟು ಸಲ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ. ಈಗ ಹೇಳುವುದನ್ನು ಬಿಟ್ಟಿದ್ದೇನೆ. ಯಾಕೆ ಬಿಟ್ಟೆನೆಂಬುದೇ ಈ ಬರಹದ ವಿಷಯ.

ನಮ್ಮ ಮಗ ಹೊಸ ಕಾರೊಂದನ್ನು ಕೊಂಡ. ಕೊಂಡ ಮೂರು ತಿಂಗಳಿಗೆ ಆಫೀಸಿನ ಕೆಲಸದ ಮೇಲೆ ಹೊರದೇಶಕ್ಕೆ ಹೊರಟ. 'ನಿಂತೇ ಇದ್ದರೆ ಬ್ಯಾಟರಿ ಹೋಗತ್ತೆ ಅಪ್ಪ, ನೀವೇ ಓಡಿಸ್ತಾ ಇರಿ' ಎಂದು ಬೀಗದ ಕೈಯನ್ನು ನನ್ನ ಕೈಯಲ್ಲಿಟ್ಟ. ಕೈಯಲ್ಲಿಟ್ಟದ್ದು ಮಾತ್ರವಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ಒಂದು ಗಂಟೆ ಪಾಠವನ್ನೂ ಹೇಳಿದ. ಮೂವತ್ತೈದು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದ ನಾನು ವಿಧೇಯ ವಿದ್ಯಾರ್ಥಿಯಂತೆ ಕೇಳಿದೆ.

'ಇದರಲ್ಲಿ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಇದೆ. ಎಂಬತ್ತು ಅಂತ ಇಟ್ಟುಬಿಡಿ. ಮುಂದಿನ ಗಾಡಿ ನಿಧಾನ ಆದರೆ ಇದೂ ನಿಧಾನ ಆಗತ್ತೆ, ಅದು ಜೋರಾದರೆ ಇದೂ ಎಂಬತ್ತರ ತನಕ ಜೋರಾಗತ್ತೆ. ನಿಮ್ಮ ಕಾಲಿಗೆ ಕೆಲಸವೇ ಇಲ್ಲ.'

ಹಿಂದಿನ ಸೀಟಿನಿಂದ ಅವನ ತಾಯಿ ಕೇಳಿದಳು: 'ಹಾಗಾದರೆ ನಿಮ್ಮಪ್ಪನ ಕಾಲು ಏನು ಮಾಡಬೇಕಂತೆ?'

'ರೆಸ್ಟ್ ತೊಗೊಳ್ಳತ್ತಮ್ಮ.'

ಮಂಡಿನೋವಿನ ನನಗೆ ಈ ಮಾತು ಅಮೃತದಂತೆ ಕೇಳಿಸಿತು. ಆ ರಾತ್ರಿಯೇ ಕಾರಿನೊಂದಿಗೆ ಬಂದಿದ್ದ ದಪ್ಪ ಪುಸ್ತಕವನ್ನು ತೆಗೆದು, ಕನ್ನಡಕ ಏರಿಸಿ, ಪೆನ್ಸಿಲ್ ಹಿಡಿದು ಓದಲು ಕುಳಿತೆ. ಪರೀಕ್ಷೆಗೆ ಓದಿದ ಹಾಗೆ ಓದಿದೆ. ಮುಖ್ಯವೆನಿಸಿದ ಕಡೆ ಗೆರೆಯನ್ನೂ ಎಳೆದೆ. ಗೆರೆಯ ವಿಚಾರ ಮುಂದೆ ಬರುತ್ತದೆ.

ಯಂತ್ರದ ಮರ್ಮ ನನಗೆ ಪರಿಚಿತವಾದದ್ದೇ. ಕಾರಿನ ಮೂತಿಯಲ್ಲಿ ಅಡಗಿರುವ ಪುಟ್ಟ ರೇಡಾರು ಸೆಕೆಂಡಿಗೆ ಸುಮಾರು 7,700 ಕೋಟಿ ಸಲ ಕಂಪಿಸುವ ಅಲೆಗಳನ್ನು ಮುಂದಕ್ಕೆ ಬಿಡುತ್ತದೆ. ಒಂದೊಂದು ಅಲೆಯ ಉದ್ದ ಸುಮಾರು 4 ಮಿಲಿಮೀಟರು. ಅದು ಮುಂದಿನ ಗಾಡಿಗೆ ಬಡಿದು ಹಿಂತಿರುಗುವ ಕಾಲದಿಂದ ದೂರ ತಿಳಿಯುತ್ತದೆ. ಸ್ಟೇಷನ್ನಿಗೆ ಬರುವ ರೈಲಿನ ಸಿಳ್ಳು ಹೆಚ್ಚು ಕೀರಲಾಗಿ, ದಾಟಿ ಹೋದ ರೈಲಿನದು ತಗ್ಗಿದಂತೆ ಕೇಳುತ್ತದಷ್ಟೆ? ಅದೇ ಡಾಪ್ಲರ್ ನಿಯಮದಿಂದ ಎರಡು ಗಾಡಿಗಳ ವೇಗದ ಅಂತರವೂ ತಿಳಿಯುತ್ತದೆ. ಇವೆರಡನ್ನೂ ನೋಡಿಕೊಂಡು ಯಂತ್ರವು ಮುಂದಿನ ಗಾಡಿಗೂ ನಮಗೂ ನಡುವೆ ಇಷ್ಟು ಸೆಕೆಂಡುಗಳ ಅಂತರವಿರಬೇಕೆಂದು ಕಾಯುತ್ತದೆ. ಗಂಟೆಗೆ 80 ಕಿಲೋಮೀಟರು ಎಂದರೆ ಸೆಕೆಂಡಿಗೆ 22 ಮೀಟರು. ಎರಡು ಸೆಕೆಂಡಿನ ಅಂತರವೆಂದರೆ 44 ಮೀಟರು.

ಇದರ ಮೂಲಪುರುಷನ ಕಥೆಯಂತೂ ಬಹಳ ಸೊಗಸು. ಅಮೆರಿಕದ ಇಂಡಿಯಾನಾ ಪ್ರಾಂತದ ರಾಲ್ಫ್ ಟೀಟರ್ ಎಂಬ ಎಂಜಿನಿಯರು ಐದನೆಯ ವಯಸ್ಸಿನಲ್ಲೇ ಎರಡು ಕಣ್ಣುಗಳನ್ನೂ ಕಳೆದುಕೊಂಡಿದ್ದವನು. ಅವನನ್ನು ಕಾರಿನಲ್ಲಿ ಕರೆದೊಯ್ಯುತ್ತಿದ್ದ ವಕೀಲನಿಗೆ ಒಂದು ಅಭ್ಯಾಸವಿತ್ತಂತೆ: ತಾನು ಮಾತಾಡುವಾಗ ಗಾಡಿಯನ್ನು ನಿಧಾನ ಮಾಡುವುದು, ಕೇಳುವಾಗ ಜೋರು ಮಾಡುವುದು. ಈ ಎಳೆದಾಟದಿಂದ ರೋಸಿಹೋದ ಟೀಟರ್, ಗಾಡಿಯ ವೇಗವನ್ನು ಒಂದೇ ಸಮ ಇರಿಸುವ ಸಾಧನವನ್ನು ಕಲ್ಪಿಸಿ, 1950ರಲ್ಲಿ ಪೇಟೆಂಟು ಪಡೆದ. 1958ರಲ್ಲಿ ಕ್ರೈಸ್ಲರ್ ಕಾರುಗಳಲ್ಲಿ ಅದು ಬಂದಿತು. ಆದರೆ ಮುಂದೆ ಗಾಡಿ ಇದೆಯೇ ಇಲ್ಲವೇ ಎಂಬುದು ಅದಕ್ಕೆ ಗೊತ್ತಿರಲಿಲ್ಲ. ಆ ಅರಿವನ್ನು ಕೂಡಿಸುವ ಕೆಲಸ 1995ರಲ್ಲಿ ಜಪಾನಿನ ಮಿತ್ಸುಬಿಷಿ ಕಾರೊಂದರಲ್ಲಿ ಲೇಸರ್ ಕಿರಣದಿಂದಲೂ, 1999ರಲ್ಲಿ ಜರ್ಮನಿಯ ಮರ್ಸಿಡಿಸ್ ಕಾರಿನಲ್ಲಿ ರೇಡಾರಿನಿಂದಲೂ ಆಯಿತು. ಕಣ್ಣಿಲ್ಲದವನು ಕಂಡ ಕನಸಿಗೆ ಹೀಗೆ ನಲವತ್ತು ಚಿಲ್ಲರೆ ವರ್ಷಗಳ ಮೇಲೆ ಒಂದು ಬಗೆಯ ಕಣ್ಣು ಬಂದಿತೆನ್ನಬೇಕು.

ಆ ಕಣ್ಣು ಬೆಂಗಳೂರಿನ ಬೀದಿಯಲ್ಲಿ ಪಟ್ಟ ಪಾಡನ್ನು ಮೊದಲು ಹೇಳಿಬಿಡುತ್ತೇನೆ. ಬಸವನಗುಡಿಯ ನಮ್ಮ ಮನೆಯಿಂದ ಹೊರಟು, ದೊಡ್ಡ ರಸ್ತೆ ಸಿಕ್ಕಿದೊಡನೆ ಗುಂಡಿ ಒತ್ತಿದೆ. ಕಾರು ಮುಂದಿನ ಗಾಡಿಯಿಂದ ಗೌರವಯುತವಾದ ದೂರದಲ್ಲಿ ನಡೆಯತೊಡಗಿತು. ಅಂತರವನ್ನು ಎಷ್ಟು ಕಡಿಮೆ ಮಾಡಿಟ್ಟರೂ ಅದರ ಲೆಕ್ಕದಲ್ಲಿ ಒಂದಿಷ್ಟು ಜಾಗ ಉಳಿಯಲೇಬೇಕು. ನಮ್ಮೂರಿನಲ್ಲಿ ಎರಡು ಗಾಡಿಗಳ ನಡುವೆ ಜಾಗವಿದೆಯೆಂದರೆ ಅದು ಅಂತರವಲ್ಲ, ಆಹ್ವಾನ. ಆಟೋ ಒಂದು ಓರೆಯಾಗಿ ನುಗ್ಗಿತು. ನಮ್ಮ ಕಾರು ಬೆಚ್ಚಿ ಬ್ರೇಕು ಹಾಕಿ, ಆಟೋದಿಂದ ಮತ್ತೆ ಗೌರವದ ದೂರಕ್ಕೆ ಸರಿಯಿತು. ಆ ದೂರಕ್ಕೆ ಎರಡು ಸ್ಕೂಟರುಗಳು ಬಂದವು. ಮತ್ತೆ ಹಿಂದೆ ಸರಿಯಿತು. ಮದುವೆಮನೆಯ ಪಂಕ್ತಿಯಲ್ಲಿ 'ನೀವು ಕೂತುಕೊಳ್ಳಿ, ನೀವು ಕೂತುಕೊಳ್ಳಿ' ಎಂದು ಎಲ್ಲರಿಗೂ ಎಲೆ ಬಿಟ್ಟುಕೊಟ್ಟು, ಕಡೆಗೆ ಮಜ್ಜಿಗೆಯ ಹೊತ್ತಿಗೂ ನಿಂತೇ ಇರುವ ಸಂಕೋಚದ ನೆಂಟರನ್ನು ನೀವು ನೋಡಿರಬಹುದು. ನಮ್ಮ ಕಾರಿನ ಸ್ಥಿತಿ ಅದೇ ಆಯಿತು. ಹಿಂದಿನವರ ಹಾರನ್ನಿನಲ್ಲಿ ಮಾತ್ರ ಸಂಕೋಚವಿರಲಿಲ್ಲ. ಸಿಗ್ನಲ್ಲಿನಲ್ಲಿ ಕಾರು ತಾನೇ ನಿಂತಿತು, ಸರಿ. ಆದರೆ ಕೆಲವು ಸೆಕೆಂಡು ಮೀರಿ ನಿಂತರೆ ಹೊರಡಲು ಮತ್ತೆ ಗುಂಡಿ ಒತ್ತಿ ಅಪ್ಪಣೆ ಕೊಡಬೇಕು. ಅಪ್ಪಣೆ ಕೊಡುವುದರೊಳಗೆ ಹಸಿರು ದೀಪ ಹಳದಿಯಾಗಿತ್ತು. ಗುಂಡಿಯನ್ನು ಆರಿಸಿ ನನ್ನ ಕಾಲನ್ನೇ ಮತ್ತೆ ಕೆಲಸಕ್ಕೆ ಕರೆದೆ.

ಕೆಲವು ದಿನಗಳ ಮೇಲೆ ಹಾಸನದ ಕಡೆಯ ನಮ್ಮ ಊರಿಗೆ ಹೋಗಬೇಕಾಯಿತು. ತಮ್ಮನ ಮಗಳ ಮದುವೆಯ ಮಾತುಕತೆ. ನೆಲಮಂಗಲ ದಾಟಿ ಕುಣಿಗಲ್ ರಸ್ತೆಗೆ ತಿರುಗಿದ ಮೇಲೆ ಎಂಬತ್ತಕ್ಕೆ ಇಟ್ಟು, ಕಾಲನ್ನು ಮಡಿಸಿಕೊಂಡೆ. ಯಂತ್ರಕ್ಕೆ ಸಲ್ಲಬೇಕಾದ ಪ್ರಶಂಸೆಯನ್ನು ಸಲ್ಲಿಸಲೇಬೇಕು. ತೆರವಾದ ರಸ್ತೆಯಲ್ಲಿ ಅದು ನನಗಿಂತ ಹದವಾಗಿ ನಡೆಸಿತು. ಮಂಡಿಯಂತೂ ತನ್ನ ಇರವನ್ನೇ ಮರೆಸಿತು. ಸಣ್ಣಪುಟ್ಟ ತಪ್ಪುಗಳಿದ್ದವು. ಒಂದು ತಿರುವಿನಲ್ಲಿ ಪಕ್ಕದ ಸಾಲಿನ ಲಾರಿಯನ್ನೇ ಮುಂದಿನದೆಂದು ಭ್ರಮಿಸಿ ಸುಮ್ಮನೆ ನಿಧಾನವಾಯಿತು. ಅಂಚಿನಲ್ಲಿ ಹೋಗುತ್ತಿದ್ದ ಮೊಪೆಡ್ಡನ್ನು ಬಹಳ ಹೊತ್ತು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹಳ್ಳಿಯೊಂದರ ಬಳಿ ರಸ್ತೆಯ ಉಬ್ಬು ಬಂದಾಗ ಅದೇ ವೇಗದಲ್ಲಿ ಹಾರಲು ಹೊರಟಿತು, ಉಬ್ಬು ಗಾಡಿಯಲ್ಲವಲ್ಲ! ಅಷ್ಟರಲ್ಲಿ ನಾನು ಕಾಲಿಟ್ಟೆ. ಎದುರುಗಡೆಯಿಂದ ನಮ್ಮ ಸಾಲಿನಲ್ಲೇ ಬರುವ ಬೈಕುಗಳ ವಿಷಯವನ್ನು ಆ ಪುಸ್ತಕ ಬರೆದವರು ಕೇಳಿದ್ದರೋ ಇಲ್ಲವೋ.

ಯಡಿಯೂರು ದಾಟಿದ ಮೇಲೆ ಬಸ್ಸೊಂದರ ಹಿಂದೆ ಸಿಕ್ಕಿಕೊಂಡೆವು. ಬಸ್ಸು ಬಲಗಡೆಯ ಸಾಲಿನಲ್ಲಿ ಅರವತ್ತರ ಆಸುಪಾಸಿನಲ್ಲಿ ಹೋಗುತ್ತಿತ್ತು. ನಮ್ಮ ಕಾರು ಅದರ ಬೆನ್ನನ್ನು ನೋಡಿಕೊಂಡು ವಿನಯದಿಂದ ಹಿಂಬಾಲಿಸುತ್ತಿತ್ತು. ನಾವಿಬ್ಬರೂ ಗಂಡಿನ ಕಡೆಯವರ ಮಾತಿಗೆ ಇಳಿದಿದ್ದೆವು. ಹುಡುಗನ ಸೋದರಮಾವ ನನ್ನ ವಿದ್ಯಾರ್ಥಿಯಾಗಿದ್ದನೆಂದೂ, ಅವನಿಗೆ ಆಪ್ಟಿಕ್ಸ್ ಎಂದರೆ ಆಗುತ್ತಿರಲಿಲ್ಲವೆಂದೂ ನಾನು ವಿವರಿಸುತ್ತಿದ್ದೆ. ಟೀಟರನ ವಕೀಲನಾದರೂ ಮಾತಾಡುವಾಗ ಗಾಡಿಯನ್ನು ನಿಧಾನ ಮಾಡುತ್ತಿದ್ದ. ನನಗೆ ಆ ತೊಂದರೆಯೂ ಇರಲಿಲ್ಲ.

ಇದ್ದಕ್ಕಿದ್ದಂತೆ ಬಸ್ಸು ಎಡಕ್ಕೆ ಹೊರಳಿತು. ಮುಂದಿನ ಬೆನ್ನು ಮಾಯವಾಯಿತು. ನಮ್ಮ ಕಾರು ಎಂಬತ್ತರ ಅಪ್ಪಣೆಯನ್ನು ನೆನೆದು, ಅಡ್ಡಿ ತೊಲಗಿತೆಂಬ ಹುರುಪಿನಿಂದ ಮುನ್ನುಗ್ಗತೊಡಗಿತು.

'ರೀ, ಸೊಪ್ಪು!'

ಆಕೆ ಲಾರಿ ಎನ್ನಲಿಲ್ಲ, ಬ್ರೇಕು ಎನ್ನಲಿಲ್ಲ. ಸೊಪ್ಪು ಎಂದಳು. ರಸ್ತೆಯ ಮೇಲೆ ಹೊಂಗೆಯ ಕೊಂಬೆಗಳು, ಅವುಗಳ ಹಿಂದೆ ಸಾಲಾಗಿ ಇಟ್ಟ ಕಲ್ಲುಗಳು, ಅದರಾಚೆ ಹಿಂದಿನ ಚಕ್ರ ಕಳಚಿ ನಿಂತಿದ್ದ ಇಟ್ಟಿಗೆ ಲಾರಿ. ಪಕ್ಕದಲ್ಲಿ ರಬ್ಬರು ಹಾಸು ದಡ್ಡೆಂದಿತು. ನನ್ನ ಕಾಲು? ಅದು ಮಡಿಸಿಕೊಂಡು ಸೀಟಿನ ಬಳಿ ಮಲಗಿತ್ತು. ನಲವತ್ತು ವರ್ಷ ಕಣ್ಣುಮುಚ್ಚಿ ಕಂಡುಕೊಳ್ಳುತ್ತಿದ್ದ ಬ್ರೇಕನ್ನು ಅಂದು ಅದು ಹುಡುಕಿತು. ಹುಡುಕಿದ್ದು ಅರೆ ಸೆಕೆಂಡೋ ಏನೋ. ಆ ವೇಗದಲ್ಲಿ ಅರೆ ಸೆಕೆಂಡೆಂದರೆ ಏನೆಂಬುದನ್ನು ನನ್ನ ವಿದ್ಯಾರ್ಥಿಗಳಿಂದ ಎಷ್ಟೋ ಸಲ ಲೆಕ್ಕ ಮಾಡಿಸಿದವನು ನಾನು. ಕಾರು ಕಿರುಚುತ್ತ ನಿಂತಿತು. ಮೊದಲನೆಯ ಕೊಂಬೆ ಗಾಲಿಯ ಕೆಳಗಿತ್ತು. ಮೊದಲನೆಯ ಕಲ್ಲು ಒಂದು ಮೊಳ ದೂರದಲ್ಲಿತ್ತು. ಪುಣ್ಯಕ್ಕೆ ನಮ್ಮ ಬೆನ್ನಿಗೆ ಯಾರೂ ಇರಲಿಲ್ಲ.

ಡಿವೈಡರಿನ ಮೇಲೆ ಕುಳಿತಿದ್ದ ಲಾರಿಯ ಕ್ಲೀನರು ಹುಡುಗ ಎದ್ದು ಬಂದು, ನನ್ನ ನರೆತ ತಲೆಯನ್ನೂ ಹೊಸ ಕಾರನ್ನೂ ನೋಡಿ, 'ಸೊಪ್ಪು ಇಕ್ಕಿದ್ವಲ್ಲ ಸಾಮಿ, ಕಾಣಲಿಲ್ವಾ?' ಎಂದ.

ನಾನು ಏನು ಹೇಳಲಿ? ಕಾರಿಗೆ ಕಾಣಲಿಲ್ಲವೆಂದು ಹೇಳಬಹುದಾಗಿತ್ತು. ಅದರ ಕಾರಣವೂ ನನಗೆ ಗೊತ್ತಿತ್ತು. ರಸ್ತೆಯುದ್ದಕ್ಕೂ ಸೇತುವೆ, ಫಲಕ, ಕಂಬ, ಕಬ್ಬಿಣದ ತಡೆ ಎಲ್ಲವೂ ರೇಡಾರಿನ ಅಲೆಯನ್ನು ಹಿಂದಕ್ಕೆ ಕಳಿಸುತ್ತವೆ. ಅಲುಗದ ವಸ್ತುವಿಗೆಲ್ಲ ಬ್ರೇಕು ಹಾಕುತ್ತ ಕುಳಿತರೆ ಕಾರು ಮುಂದಕ್ಕೆ ಹೋಗುವ ಹಾಗೇ ಇಲ್ಲ. ಆದ್ದರಿಂದ ಓಡುವ ಗಾಡಿಯನ್ನು ಹಿಂಬಾಲಿಸಲು ಕಲಿತ ಯಂತ್ರ, ಮೊದಲಿನಿಂದ ನಿಂತಿರುವುದನ್ನು ಬಹುಮಟ್ಟಿಗೆ ಗಣನೆಗೆ ತಾರದೆ ಬಿಡುತ್ತದೆ. ಮುಂದಿನ ಗಾಡಿ ಕಡೆಯ ಗಳಿಗೆಯಲ್ಲಿ ಪಕ್ಕಕ್ಕೆ ಸರಿದು, ನಿಂತ ಗಾಡಿ ಬಯಲಾಗುವುದು ಅದಕ್ಕೆ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ಈಚಿನ ಕಾರುಗಳಲ್ಲಿ ರೇಡಾರಿನ ಜೊತೆಗೆ ಕ್ಯಾಮೆರಾ ಉಂಟು, ತುರ್ತಿನಲ್ಲಿ ತಾನೇ ಬ್ರೇಕು ಹಾಕುವ ಬೇರೊಂದು ಏರ್ಪಾಡೂ ಉಂಟು. ಅಂದು ಅದು ಏನು ಮಾಡುತ್ತಿತ್ತೋ, ಕಾದು ನೋಡುವ ಧೈರ್ಯ ನನಗಿರಲಿಲ್ಲ. ಆದರೆ ಕಾರನ್ನು ದೂರುವ ಹಾಗಿಲ್ಲ. ನಿಂತ ವಾಹನಗಳನ್ನು ಇದು ಗುರುತಿಸದಿರಬಹುದು, ಎಚ್ಚರ ಚಾಲಕನದೇ ಎಂದು ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿದೆ. ಅದರ ಕೆಳಗೆ ಪೆನ್ಸಿಲಿನ ಗೆರೆಯಿದೆ. ಎಳೆದವನು ನಾನೇ.

ಓದಿ, ಗೆರೆ ಎಳೆದು, ತಿಳಿದೂ ಹೇಗೆ ಮರೆತೆ? ಊರು ತಲಪುವವರೆಗೂ ಇದನ್ನೇ ಯೋಚಿಸಿದೆ. ಕಾಲಿಗೆ ಬಿಡುವು ಕೊಟ್ಟೆನೆಂದುಕೊಂಡಿದ್ದೆ. ಕಾಲಿನ ಜೊತೆಗೆ ಕಣ್ಣೂ ಮನಸ್ಸೂ ಹೇಳದೆ ಕೇಳದೆ ರಜ ತೆಗೆದುಕೊಂಡಿದ್ದವು. ನೂರು ಸಲ ಯಂತ್ರ ಸರಿಯಾಗಿ ನಿಧಾನವಾದದ್ದನ್ನು ಕಂಡು, ನೂರ ಒಂದನೆಯ ಸಲವೂ ಅದೇ ನೋಡಿಕೊಳ್ಳುತ್ತದೆಂದು ನಂಬಿದ್ದೆ. ಯಂತ್ರ ನೋಡಿದ್ದು ಮುಂದಿನವನ ಬೆನ್ನನ್ನು. ಬಸ್ಸು ಯಾಕೆ ಹೊರಳಿತು ಎಂಬ ಪ್ರಶ್ನೆ ಅದಕ್ಕಿಲ್ಲ. ನಮ್ಮ ರಸ್ತೆಯಲ್ಲಿ ಬದುಕಿ ಉಳಿಯುವುದು ಈ 'ಯಾಕೆ'ಯ ಮೇಲೆ. ಚೆಂಡು ಉರುಳಿ ಬಂದರೆ ಅದರ ಹಿಂದೊಂದು ಮಗು ಬರುತ್ತದೆ. ಹಸು ಈ ಕಡೆ, ಕರು ಆ ಕಡೆ ಇದ್ದರೆ ನಡುವಿನ ರಸ್ತೆ ನಮ್ಮದಲ್ಲ. ಹೊಂಗೆಯ ಕೊಂಬೆ ರಸ್ತೆಯ ನಡುವೆ ಬಿದ್ದಿದ್ದರೆ ಗಾಳಿ ಬೀಸಿತೆಂದು ಅರ್ಥವಲ್ಲ, ಯಾರೋ ಒಬ್ಬರು ಕಷ್ಟದಲ್ಲಿದ್ದಾರೆಂದು ಅರ್ಥ. ರೇಡಾರಿನ ಅಲೆಗೆ ಸೊಪ್ಪೆಂಬುದು ಇದ್ದೂ ಇಲ್ಲದಂತೆ. ಕಾರು ನಡೆಸಲು ಬಾರದ ನಮ್ಮಾಕೆಗೆ ಆ ಸೊಪ್ಪಿನಲ್ಲಿ ಲಾರಿ, ಚಕ್ರ, ಕ್ಲೀನರು ಎಲ್ಲವೂ ಒಟ್ಟಿಗೇ ಕಂಡವು. ಮಾತಿನ ನಡುವೆಯೂ ಆಕೆ ರಸ್ತೆಯ ಮೇಲಿನ ಕಣ್ಣನ್ನು ತೆಗೆದಿರಲಿಲ್ಲ. ಮೂವತ್ತು ವರ್ಷ ತೆಗೆದಿರಲಿಲ್ಲ.

ಆ ರಾತ್ರಿ ಮಗ ಫೋನು ಮಾಡಿದ. 'ಹೇಗಿದೆ ಅಪ್ಪ ಕಾರು? ಕಾಲಿಗೆ ಆರಾಮಾಯ್ತಾ?' ಎಂದ. 'ಆರಾಮಾಯಿತಪ್ಪ' ಎಂದೆ. ಆಕೆ ನನ್ನ ಮುಖವನ್ನು ಒಮ್ಮೆ ನೋಡಿ, ಫೋನು ತೆಗೆದುಕೊಂಡು, ಅಲ್ಲಿ ಚಳಿ ಹೇಗಿದೆಯೆಂದು ವಿಚಾರಿಸಿದಳು. ಸೊಪ್ಪಿನ ಮಾತನ್ನು ಅವನಿಗೂ ಹೇಳಲಿಲ್ಲ, ನೆಂಟರ ಮುಂದೆಯೂ ಎತ್ತಲಿಲ್ಲ. ಹಾಸಿನ ತೂತಿನ ಕಥೆಯನ್ನು ಅಷ್ಟು ಜನರ ಮುಂದೆ ಹೇಳಿದವನಿಗೆ ಆ ಮೌನ ಬೈಗುಳಕ್ಕಿಂತ ಭಾರವಾಗಿತ್ತು.

ಈಗಲೂ ತೆರವಾದ ರಸ್ತೆಯಲ್ಲಿ ಒಮ್ಮೊಮ್ಮೆ ಗುಂಡಿ ಒತ್ತುವುದುಂಟು. ಮಂಡಿಗೂ ನ್ಯಾಯ ಬೇಡವೆ? ಆದರೆ ಪಾದವನ್ನು ಬ್ರೇಕಿನ ಹತ್ತಿರವೇ ಇಟ್ಟಿರುತ್ತೇನೆ. ದೊಡ್ಡ ಬಸ್ಸಿನ ಬೆನ್ನು ಅಡ್ಡ ಬಂದರೆ ಆರಿಸಿಬಿಡುತ್ತೇನೆ.

ಎರಡು ದಿನದ ಮೇಲೆ ಹಿಂತಿರುಗುವಾಗ ಆ ಜಾಗ ಬಂದಿತು. ಡಿವೈಡರಿನ ಆಚೆ ಲಾರಿ ಇರಲಿಲ್ಲ. ಬಾಡಿದ ಸೊಪ್ಪೂ ಎರಡು ಕಲ್ಲುಗಳೂ ಉಳಿದಿದ್ದವು. ಈ ಕಡೆಯ ರಸ್ತೆ ಖಾಲಿಯಾಗಿತ್ತು, ನಿಧಾನ ಮಾಡಲು ಕಾರಣವೇನೂ ಇರಲಿಲ್ಲ. ಪಕ್ಕದಲ್ಲಿ ರಬ್ಬರು ಹಾಸು ಮೆಲ್ಲಗೆ ಸದ್ದು ಮಾಡಿತು. ನಾನೂ ಬ್ರೇಕಿನ ಮೇಲೆ ಕಾಲಿಟ್ಟೆ.