ಹಳದಿ ಅಂಗಿ ತೊಡದ ಅಜ್ಜ

"ತಾತ, ಅಷ್ಟು ವರ್ಷ ಬ್ಯಾಂಕಿನಲ್ಲಿದ್ದೆಯಲ್ಲ, ನೀನ್ಯಾಕೆ ಮ್ಯಾನೇಜರ್ ಆಗಲಿಲ್ಲ?"

ಮೊಮ್ಮಗಳು ಹೀಗೆ ಕೇಳಿಯೇ ಬಿಟ್ಟಳು. ಬಡ್ತಿ ಪರೀಕ್ಷೆಗೆ ಎರಡು ಸಲ ಕೂತಿದ್ದೆ. ಎರಡು ಸಲವೂ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಅದನ್ನು ಹೇಳಲು ನಾಲಿಗೆ ಏಳಲಿಲ್ಲ. ಬದಲಿಗೆ ಒಬ್ಬ ಸೈಕಲ್ ಸವಾರನ ಕಥೆ ಹೇಳಿದೆ. ಮಕ್ಕಳೇ, ನೀವೂ ಕೇಳಿ.

ಫ್ರಾನ್ಸಿನಲ್ಲಿ 'ಟೂರ್ ದ ಫ್ರಾನ್ಸ್' ಎಂಬ ದೊಡ್ಡ ಸೈಕಲ್ ಪಂದ್ಯ ನಡೆಯುತ್ತದೆ. ಸುಮಾರು ಮೂರು ವಾರ ಬೆಟ್ಟ ಹತ್ತಬೇಕು, ಇಳಿಯಬೇಕು. ದಿನದಿನದ ಸಮಯವನ್ನು, ನಾವು ಲೆಡ್ಜರ್ ಕೂಡುವಂತೆ, ಕೂಡುತ್ತಾ ಹೋಗುತ್ತಾರೆ. ಒಟ್ಟು ಸಮಯ ಯಾರದು ಕಡಿಮೆಯೋ ಅವನಿಗೆ ಹಳದಿ ಅಂಗಿ.

ರೇಮಂಡ್ ಪುಲಿಡೋರ್ 1936ರಲ್ಲಿ ನಡು ಫ್ರಾನ್ಸಿನ ಗೇಣಿ ರೈತರ ಮನೆಯಲ್ಲಿ ಹುಟ್ಟಿದವನು. 1961ರಲ್ಲಿ ಇಟಲಿಯ ಮಿಲಾನ್–ಸಾನ್ ರೆಮೊ ಪಂದ್ಯ ಗೆದ್ದ, 1964ರಲ್ಲಿ ಸ್ಪೇನ್ ದೇಶದ ಟೂರ್ ಗೆದ್ದ. ಆದರೆ ತನ್ನ ದೇಶದ ಟೂರ್ ಮಾತ್ರ ಕೈಗೆ ಸಿಗಲಿಲ್ಲ. 14 ಸಲ ಹೊರಟ; ಮೂರು ಸಲ ಎರಡನೆಯವನಾದ, ಐದು ಸಲ ಮೂರನೆಯವನಾದ. ಒಂದು ದಿನದ ಮಟ್ಟಿಗೂ ಹಳದಿ ಅಂಗಿ ಮೈಮೇಲೆ ಬರಲಿಲ್ಲ!

1964ರಲ್ಲಿ ಅದು ತೀರಾ ಹತ್ತಿರ ಬಂದಿತ್ತು. ಎದುರಾಳಿ ಜಾಕ್ ಆಂಕತಿಲ್. ಮೊನಾಕೊದಲ್ಲಿ ಇನ್ನೂ ಒಂದು ಸುತ್ತು ಬಾಕಿಯಿರುವಾಗಲೇ, ಪಂದ್ಯ ಮುಗಿಯಿತೆಂದು ತಿಳಿದು ಪುಲಿಡೋರ್ ಶಕ್ತಿಯೆಲ್ಲ ಹಾಕಿ ತುಳಿದುಬಿಟ್ಟ. ಅಲ್ಲಿ ಗೆದ್ದವನಿಗೆ ಸಿಗುವ ಒಂದು ನಿಮಿಷದ ರಿಯಾಯಿತಿ ಆಂಕತಿಲ್ ಪಾಲಾಯಿತು. ಮುಂದೆ ಜುಲೈ 12ರಂದು ಪುಯಿ ದ ಡೋಮ್ ಬೆಟ್ಟದಲ್ಲಿ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಹತ್ತಿದರು. ಕೊನೆಗೆ ಆಂಕತಿಲ್ ಹಿಂದೆ ಬಿದ್ದ. ಪುಲಿಡೋರ್ 42 ಸೆಕೆಂಡು ಗಳಿಸಿದ. ಆದರೂ 14 ಸೆಕೆಂಡು ಸಾಲದೆ ಹೋಯಿತು. ಪ್ಯಾರಿಸ್ ತಲುಪಿದಾಗ ಅಂತರ 55 ಸೆಕೆಂಡು. ಆ ಮೊನಾಕೊದ ಒಂದು ನಿಮಿಷವನ್ನು ನೆನೆದು ನೋಡಿ!

1973ರಲ್ಲಂತೂ ಮೊದಲ ದಿನವೇ ಒಂದು ಸೆಕೆಂಡಿಗಿಂತಲೂ ಕಡಿಮೆ ಅಂತರದಲ್ಲಿ ಹಳದಿ ಅಂಗಿ ತಪ್ಪಿತು.

ಆಂಕತಿಲ್ ಐದು ಸಲ ಟೂರ್ ಗೆದ್ದ. ಆದರೂ ರಸ್ತೆಬದಿಯ ಜನ ಕೂಗುತ್ತಿದ್ದುದು "ಪುಪು! ಪುಪು!" ಎಂದು. ಅದು ಪುಲಿಡೋರನ ಮುದ್ದಿನ ಹೆಸರು. ಹಳ್ಳಿಯ ಸರಳ ಮನುಷ್ಯ, ಬಿದ್ದರೂ ಎದ್ದು ಮರುವರ್ಷ ಮತ್ತೆ ಬರುತ್ತಿದ್ದ. 1976ರಲ್ಲಿ 40ರ ವಯಸ್ಸಿನಲ್ಲೂ ಮೂರನೆಯವನಾದ. ನಿವೃತ್ತನಾದ ಮೇಲೂ ಟೂರ್ ನಡೆಯುವ ಕಡೆ ಹಾಜರಾಗುತ್ತಿದ್ದ. ಹಳದಿ ಅಂಗಿಯ ಪ್ರಾಯೋಜಕರಾದ ಬ್ಯಾಂಕಿನ ಪರವಾಗಿ ಜನರನ್ನು ಮಾತಾಡಿಸುತ್ತಿದ್ದ. ಹೌದು, ಅವನೂ ಬ್ಯಾಂಕಿನವನೇ ಆದ!

2019ರ ನವೆಂಬರಿನಲ್ಲಿ, 83ನೇ ವಯಸ್ಸಿನಲ್ಲಿ ತೀರಿಕೊಂಡ. 2021ರ ಜೂನ್ 27ರಂದು ಅವನ ಮಗಳ ಮಗ ಮ್ಯಾಥ್ಯೂ ವ್ಯಾನ್ ಡರ್ ಪೂಲ್ ಟೂರ್‌ನ ಎರಡನೇ ದಿನದ ಓಟ ಗೆದ್ದು, ಗೆರೆ ದಾಟುತ್ತಾ ಆಕಾಶದತ್ತ ಬೆರಳು ತೋರಿಸಿದ. ಅಂದು ಅವನಿಗೆ ಹಳದಿ ಅಂಗಿ ಸಿಕ್ಕಿತು. ಅಜ್ಜನನ್ನು ನೆನೆದು ಅತ್ತುಬಿಟ್ಟ.

ಕಥೆ ಮುಗಿಯಿತು. ಇನ್ನು ಮುಚ್ಚಿಡುವುದೇನು ಎಂದು ನನ್ನ ಪರೀಕ್ಷೆಯ ವಿಷಯವನ್ನೂ ಹೇಳಿದೆ.

"ಫೇಲಾದ ಮರುದಿನ ಏನು ಮಾಡಿದೆ ತಾತ?"

"ಕೌಂಟರಿಗೆ ಹೋಗಿ ಕೂತೆ ಕಣಮ್ಮ. ಸಂಜೆ ಕ್ಯಾಷ್ ಪೈಸೆ ಪೈಸೆ ತಾಳೆಯಾಯಿತು."

ಅವಳು ಸ್ವಲ್ಪ ಯೋಚಿಸಿ ಹೇಳಿದಳು: "ಹಾಗಾದರೆ ನೀನೂ ಪುಪು ತಾತನೇ."

ಈಗ ಮನೆಯಲ್ಲಿ ಅದೇ ನನ್ನ ಹೆಸರು.