ಅರ್ಥಶಾಸ್ತ್ರ ಓದಿದವನ ಅರ್ಥಾರ್ಜನೆ

ವೈದ್ಯಶಾಸ್ತ್ರವನ್ನು ಓದಿದವನು ವೈದ್ಯನಾಗುತ್ತಾನೆ; ನ್ಯಾಯಶಾಸ್ತ್ರವನ್ನು ಓದಿದವನು ವಕೀಲನಾಗುತ್ತಾನೆ. ಅರ್ಥಶಾಸ್ತ್ರವನ್ನು ಓದಿದವನು ಏನಾಗುತ್ತಾನೆಂದು ಕೇಳಿದರೆ ಮಾತ್ರ, ಉತ್ತರ ಹೇಳಬೇಕಾದವರು ಒಮ್ಮೆ ಕೆಮ್ಮಿ ಗಂಟಲನ್ನು ಸರಿಪಡಿಸಿಕೊಳ್ಳಬೇಕಾಗುತ್ತದೆ. ‘ಅರ್ಥಶಾಸ್ತ್ರಜ್ಞ’ ಎಂಬ ಫಲಕವನ್ನು ಮನೆಯ ಬಾಗಿಲಿಗೆ ತೂಗುಹಾಕಿ ಗಿರಾಕಿಗಳಿಗಾಗಿ ಕಾದು ಕುಳಿತವರನ್ನು ಯಾವ ಬೀದಿಯಲ್ಲಿಯೂ ಕಂಡವರಿಲ್ಲ. ಆದರೂ ವರ್ಷವರ್ಷವೂ ಸಾವಿರಾರು ತರುಣ ತರುಣಿಯರು ಈ ವಿಷಯದಲ್ಲಿ ಬಿ.ಎ. ಮಾಡಿ ಹೊರಬರುತ್ತಾರೆ. ಫಲಿತಾಂಶದ ದಿನ ಮನೆಯಲ್ಲಿ ಪಾಯಸ, ಅದರ ಮರುದಿನವೇ ಪಕ್ಕದ ಮನೆಯವರಿಂದ “ಮುಂದೇನು?” ಎಂಬ ಪ್ರಶ್ನೆ.

ಈ ಪ್ರಶ್ನೆಗೆ ಸಿದ್ಧನಾಗಿರಬೇಕಾದವನು ಆತನೇ ಅಲ್ಲವೆ? ನಿರುದ್ಯೋಗದ ಬಗೆಗಳನ್ನು ಆತನಷ್ಟು ಕ್ರಮವಾಗಿ ಓದಿದವರು ಬೇರೆ ಯಾರಿದ್ದಾರೆ! ಋತುಮಾನದ ನಿರುದ್ಯೋಗ, ಮರೆಮಾಚಿದ ನಿರುದ್ಯೋಗ ಇವುಗಳ ಮೇಲೆ ಹತ್ತು ಅಂಕದ ಉತ್ತರವನ್ನು ತಪ್ಪಿಲ್ಲದೆ ಬರೆದು ಬಂದವನು, ಒಬ್ಬರಿಗೆ ಸಾಲುವಷ್ಟೇ ಕೆಲಸವಿರುವ ತಂದೆಯ ಅಂಗಡಿಯಲ್ಲಿ ಎರಡನೆಯವನಾಗಿ ಮಧ್ಯಾಹ್ನವೆಲ್ಲ ಕುಳಿತಾಗ, ಆ ಉತ್ತರಕ್ಕೆ ತಾನೇ ಉದಾಹರಣೆಯಾಗಿರುತ್ತಾನೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆಗಳು ಕೂಡಿ 2024ರಲ್ಲಿ ಹೊರತಂದ ವರದಿಯಲ್ಲಿ ಒಂದು ಲೆಕ್ಕವಿದೆ. 2022ರಲ್ಲಿ ಭಾರತದ ಪದವೀಧರ ಯುವಜನರಲ್ಲಿ ನಿರುದ್ಯೋಗದ ಪ್ರಮಾಣ ಶೇಕಡಾ 29.1, ಓದು ಬರಹ ಬಾರದ ಯುವಜನರಲ್ಲಿ ಶೇಕಡಾ 3.4 ಮಾತ್ರ. ಇದನ್ನು ಕಂಡು ಓದೇ ವ್ಯರ್ಥವೆಂದು ನಿಟ್ಟುಸಿರಿಡುವವರುಂಟು. ಲೆಕ್ಕ ಹೇಳುವುದು ಬೇರೆಯೇ ಇದೆ. ಅಕ್ಷರ ಬಾರದವನಿಗೆ ಕೆಲಸವಿಲ್ಲದೆ ಇರುವ ಅನುಕೂಲವೇ ಇಲ್ಲ. ಸಿಕ್ಕಿದ ಕೂಲಿಗೆ ಆತ ಮರುದಿನವೇ ಹೊರಡಬೇಕು. ಪದವೀಧರನಾದರೋ ಕಾಯುತ್ತಾನೆ. ಆ ಕಾಯುವಿಕೆಯ ಖರ್ಚನ್ನು ತಂದೆಯ ಪಿಂಚಣಿಯೋ ತಾಯಿಯ ಬಳೆಯೋ ಭರಿಸುತ್ತಿರುತ್ತದೆ. ಧಾರವಾಡದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗಳಿಗಾಗಿ ಓದುವ ಕೊಠಡಿಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ತಲೆತಗ್ಗಿಸಿ ಕುಳಿತವರನ್ನು ನೋಡಿದರೆ ಈ ಮಾತು ತಿಳಿದೀತು.

ಒಂದು ತಲೆಮಾರಿನ ಹಿಂದೆ ಕನ್ನಡ ನಾಡಿನಲ್ಲಿ ಈ ಕಾಯುವಿಕೆಗೆ ಒಂದು ಕೊನೆಯಿತ್ತು. ಅದರ ಹೆಸರು ಬ್ಯಾಂಕು. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯೊಂದರಲ್ಲಿಯೇ 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಎಂದು ಐದು ಬ್ಯಾಂಕುಗಳು ಹುಟ್ಟಿದವು. 1969ರ ಮತ್ತು 1980ರ ರಾಷ್ಟ್ರೀಕರಣಗಳ ತರುವಾಯ ಹಳ್ಳಿಹಳ್ಳಿಗೂ ಶಾಖೆಗಳು ತೆರೆದು, ಲೆಡ್ಜರು ಬರೆಯುವ ಕೈಗಳಿಗೆ ಬೇಡಿಕೆ ಬಂದಿತು. ಬ್ಯಾಂಕಿನ ಹುಡುಗನೆಂದರೆ ಕನ್ಯಾಪಿತೃಗಳು ಜಾತಕವನ್ನು ಎರಡನೆಯ ಸಲ ತೋರಿಸುತ್ತಿರಲಿಲ್ಲ. ಇಂದು ಅವುಗಳಲ್ಲಿ ವಿಜಯಾ ಬ್ಯಾಂಕು 2019ರಲ್ಲಿಯೂ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿಯೂ ಬೇರೆ ಬ್ಯಾಂಕುಗಳಲ್ಲಿ ಲೀನವಾಗಿವೆ. ಲೆಡ್ಜರನ್ನು ಯಂತ್ರ ಬರೆಯುತ್ತದೆ. 2011ರಿಂದ ಸರ್ಕಾರಿ ಬ್ಯಾಂಕುಗಳಿಗೆ ಸಾಮಾನ್ಯ ಪರೀಕ್ಷೆಯೊಂದು ನಡೆಯುತ್ತಿದ್ದು, ಅದಕ್ಕೆ ಯಾವ ಪದವಿಯಾದರೂ ಆದೀತು. ಹಣದ ಚಲಾವಣೆಯ ಸಿದ್ಧಾಂತವನ್ನು ಮೂರು ವರ್ಷ ಓದಿದವನ ಪಕ್ಕದಲ್ಲಿ ಇಂಜಿನಿಯರೊಬ್ಬನು ಕುಳಿತು, ಆತನ ಅರ್ಧ ಸಮಯದಲ್ಲಿ ಲೆಕ್ಕಗಳನ್ನು ಬಿಡಿಸಿ ಎದ್ದುಹೋಗುತ್ತಾನೆ.

ಅರ್ಥಶಾಸ್ತ್ರಕ್ಕೆಂದೇ ಮೀಸಲಾದ ಹುದ್ದೆಗಳಿಲ್ಲವೆ? ಇವೆ. 1961ರಲ್ಲಿ ಆರಂಭವಾದ ಭಾರತೀಯ ಆರ್ಥಿಕ ಸೇವೆಯಿದೆ. ಅದಕ್ಕೆ ಬಿ.ಎ. ಸಾಲದು, ಸ್ನಾತಕೋತ್ತರ ಪದವಿ ಬೇಕು. 2023ರ ಪ್ರಕಟಣೆಯಲ್ಲಿ ಇಡೀ ದೇಶಕ್ಕೆ ಇದ್ದ ಸ್ಥಾನಗಳು 18. ರಿಸರ್ವ್ ಬ್ಯಾಂಕಿನ ಸಂಶೋಧನ ವಿಭಾಗವೂ ಇದೆ. ಅದರ ಬಾಗಿಲೂ ಅಷ್ಟೇ ಕಿರಿದು. ಇನ್ನುಳಿದುದು ಅಧ್ಯಾಪನ. ಎಂ.ಎ. ಮಾಡಿ, ಅರ್ಹತಾ ಪರೀಕ್ಷೆಯನ್ನು ದಾಟಿ ಬಂದವನಿಗೆ ಮೊದಲು ಸಿಕ್ಕುವುದು ಹಲವು ಸಲ ‘ಅತಿಥಿ ಉಪನ್ಯಾಸಕ’ನ ಸ್ಥಾನ. ತಿಥಿಯನ್ನು ನೋಡದೆ ಬರುವವನು ಅತಿಥಿಯೆಂದು ಪಂಡಿತರು ಹೇಳುವರಷ್ಟೆ. ಇಲ್ಲಿ ತಿಥಿಯನ್ನು ನೋಡದೆ ಬರುವುದು ಗೌರವಧನ.

ವಿಷಯದ ಹೆಸರಿಗೂ ಹೊಟ್ಟೆಪಾಡಿಗೂ ಇರುವ ಈ ಅಂತರ ಕನ್ನಡ ನಾಡಿನಲ್ಲಿಯೇ ಹುಟ್ಟಿದ್ದಲ್ಲ. ಜಾನ್ ಮೇನಾರ್ಡ್ ಕೇನ್ಸ್ ಕೇಂಬ್ರಿಜ್‌ನಲ್ಲಿ ಪದವಿ ಪಡೆದುದು ಗಣಿತದಲ್ಲಿ. ಅರ್ಥಶಾಸ್ತ್ರವನ್ನು ಮಾರ್ಷಲ್ ಮಹಾಶಯರ ಬಳಿ ಕೆಲವು ವಾರ ಮಾತ್ರ ಓದಿದ. 1906ರಲ್ಲಿ ಸಿವಿಲ್ ಸರ್ವಿಸ್ ಪರೀಕ್ಷೆಗೆ ಕುಳಿತಾಗ ಒಟ್ಟಿನಲ್ಲಿ ಎರಡನೆಯವನಾದರೂ ಅರ್ಥಶಾಸ್ತ್ರದಲ್ಲಿ ಕಡಿಮೆ ಅಂಕಗಳು ಬಂದವು. ಪರೀಕ್ಷಕರಿಗೆ ತನಗಿಂತ ಕಡಿಮೆ ತಿಳಿದಿದ್ದಿರಬೇಕೆಂದು ಆತ ಸಮಾಧಾನ ಹೇಳಿಕೊಂಡದ್ದುಂಟು! ಸಿಕ್ಕಿದ ನೌಕರಿ ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ. ಮೊದಮೊದಲು ಆತನಿಗೆ ವಹಿಸಿದ ಕೆಲಸಗಳಲ್ಲೊಂದು, ಹತ್ತು ಎಳೆಯ ಹೋರಿಗಳನ್ನು ಹಡಗಿನಲ್ಲಿ ಮುಂಬಯಿಗೆ ಕಳುಹಿಸುವ ಏರ್ಪಾಡು. ಹೋರಿಗಳ ನಡುವೆಯೇ ಆತ ಭಾರತದ ರೂಪಾಯಿಯ ವ್ಯವಹಾರವನ್ನು ಕಡತಗಳಿಂದ ಕಲಿತ; 1913ರಲ್ಲಿ ಬಂದ ಆತನ ಮೊದಲ ಪುಸ್ತಕ ಆ ರೂಪಾಯಿಯನ್ನು ಕುರಿತದ್ದೇ. ಪದವಿಪತ್ರದಿಂದಲ್ಲ, ಗಣಿತದ ಬುದ್ಧಿಯನ್ನು ಕಣ್ಣೆದುರಿನ ಕಾಗದಕ್ಕೆ ತಾಗಿಸಿದ್ದರಿಂದ ಆತ ಅರ್ಥಶಾಸ್ತ್ರಜ್ಞನಾದ.

ಹೀಗೆ ತಾಗಿಸುವುದನ್ನು ಇಲ್ಲಿನ ತರಗತಿಗಳು ಕಲಿಸುತ್ತಿಲ್ಲ. ಕೋಲಾರದ ಕಡೆಯ ರೈತನ ಮಗನೊಬ್ಬನು ಬಿ.ಎ. ತರಗತಿಯಲ್ಲಿ ಕುಳಿತಿದ್ದಾನೆಂದು ಭಾವಿಸೋಣ. ಟೊಮ್ಯಾಟೊ ಬೆಲೆ ಏರಿದ ವರ್ಷ ಊರಿಗೆ ಊರೇ ಟೊಮ್ಯಾಟೊ ನೆಡುವುದನ್ನೂ, ಮರುಬೆಳೆಯಲ್ಲಿ ಕೊಳ್ಳುವವರಿಲ್ಲದೆ ರಸ್ತೆಗೆ ಸುರಿಯುವುದನ್ನೂ ಆತ ಬಾಲ್ಯದಿಂದ ಕಂಡಿದ್ದಾನೆ. 2023ರ ಜುಲೈಯಲ್ಲಿ ಕಿಲೋ ಟೊಮ್ಯಾಟೊ ನೂರು ರೂಪಾಯಿಯನ್ನು ದಾಟಿದಾಗ ಆತನ ಮನೆಯಲ್ಲಿ ನಡೆದಿರಬಹುದಾದ ಚರ್ಚೆ ಯಾವ ವಿಚಾರಸಂಕಿರಣಕ್ಕೂ ಕಡಿಮೆಯದಲ್ಲ. ಇದೇ ಸಂಗತಿಗೆ ನಿಕೊಲಾಸ್ ಕಾಲ್ಡರ್ 1934ರಲ್ಲಿ ಜೇಡರ ಬಲೆಯ ಸಿದ್ಧಾಂತವೆಂದು ಹೆಸರಿಟ್ಟ. ಹುಡುಗ ಆ ಸಿದ್ಧಾಂತವನ್ನು ನೋಟ್ಸಿನಿಂದ ಬಾಯಿಪಾಠ ಮಾಡುತ್ತಾನೆ. ಅದು ತನ್ನ ಅಪ್ಪನ ಹೊಲವೆಂದು ಆತನಿಗೆ ಹೇಳಿದವರಿಲ್ಲ. ಸಂದರ್ಶನದಲ್ಲಿ ಇಂಗ್ಲಿಷಿನಲ್ಲಿ ಪ್ರಶ್ನೆ ಬಂದೊಡನೆ ಬಾಯಿಪಾಠವೂ ಮರೆತುಹೋಗುತ್ತದೆ, ಹೊಲವೂ ಮರೆತುಹೋಗುತ್ತದೆ. ಮಾರುಕಟ್ಟೆಯ ಸಂಶೋಧನೆ ನಡೆಸುವವರಾಗಲಿ, ಸಾಲದ ಯೋಗ್ಯತೆಯನ್ನು ಅಳೆಯುವವರಾಗಲಿ ಹುಡುಕುವುದು ಇವೆರಡನ್ನೂ ಜೋಡಿಸಿ ನಾಲ್ಕು ಪುಟ ಬರೆಯಬಲ್ಲವನನ್ನು.

ಎರಡನೆಯ ಕೊರತೆ ಗಣಿತದ್ದು. ಕರ್ನಾಟಕದ ಬಹುಪಾಲು ಕಾಲೇಜುಗಳಲ್ಲಿ ಅರ್ಥಶಾಸ್ತ್ರಕ್ಕೆ ಜೊತೆಯಾಗಿ ಬಂದಿರುವುದು ಇತಿಹಾಸ ಮತ್ತು ರಾಜ್ಯಶಾಸ್ತ್ರ. ಆ ವಿಷಯಗಳಲ್ಲಿ ದೋಷವೇನಿಲ್ಲ. ಆಡಳಿತ ಸೇವೆಯ ಪರೀಕ್ಷೆಗೆ ಅವು ಉಪಕಾರಿಗಳೇ. ಆದರೆ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಥವಾ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸ್ನಾತಕೋತ್ತರ ತರಗತಿಗಳ ಬಾಗಿಲು ತೆರೆಯುವುದು ಗಣಿತದ ಬೀಗದ ಕೈಗೆ. ಈ ದೆಹಲಿ ಸ್ಕೂಲನ್ನು 1949ರಲ್ಲಿ ಸ್ಥಾಪಿಸಿದ ವಿ.ಕೆ.ಆರ್.ವಿ. ರಾವ್ ಅವರೇ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಸಂಸ್ಥೆಯನ್ನು ಕಟ್ಟಿದವರು. 2017ರಿಂದ ಬೆಂಗಳೂರಿನಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರ ಹೆಸರಿನ ಅರ್ಥಶಾಸ್ತ್ರ ವಿದ್ಯಾಲಯವೂ ಇದೆ. ಮನೆಯಂಗಳದಲ್ಲಿಯೇ ಇಂಥ ಸಂಸ್ಥೆಗಳಿದ್ದೂ ಜಿಲ್ಲೆಯ ಕಾಲೇಜಿನ ಹುಡುಗಿಗೆ ಅವು ದೂರವಾಗಿರುವುದು ಬಸ್ಸಿನ ದರದಿಂದಲ್ಲ, ಪಿ.ಯು.ಸಿ.ಯಲ್ಲಿ ಲೆಕ್ಕ ಕಷ್ಟವೆಂದು ಯಾರೋ ಹೇಳಿ, ಬಿಡಿಸಿದ ಆ ಒಂದು ವಿಷಯದಿಂದ.

ಆದುದರಿಂದ ಮಗಳನ್ನು ಅಥವಾ ಮಗನನ್ನು ಕಾಲೇಜಿಗೆ ಸೇರಿಸಲು ಹೊರಟ ತಂದೆತಾಯಿಗಳು, ಅರ್ಥಶಾಸ್ತ್ರಕ್ಕೆ ಬೆಲೆಯಿದೆಯೆ ಎಂದು ನೆಂಟರಿಷ್ಟರನ್ನು ಕೇಳುತ್ತ ಅಲೆಯುವ ಬದಲು ಕಾಲೇಜಿನ ಕಚೇರಿಯಲ್ಲಿಯೇ ಒಂದು ಮಾತು ವಿಚಾರಿಸುವುದು ಮೇಲು: ಅರ್ಥಶಾಸ್ತ್ರದ ಜೊತೆಗೆ ಸಂಖ್ಯಾಶಾಸ್ತ್ರವನ್ನೋ ಗಣಿತವನ್ನೋ ಕೊಡುತ್ತೀರಾ? ಕೊಡುತ್ತೇವೆಂದರೆ, ಅದನ್ನು ಕಲಿಸುವ ಅಧ್ಯಾಪಕರು ಇದ್ದಾರೆಯೆ, ಅಥವಾ ಆ ಸ್ಥಾನ ಇನ್ನೂ ಖಾಲಿಯಿದೆಯೆ? ಖಾಲಿಯಿದೆಯೆಂದು ತಿಳಿದರೆ ಅರ್ಜಿಯನ್ನು ಮಡಿಸಿ ಇಟ್ಟುಕೊಂಡು, ಊರಿನ ಇನ್ನೊಂದು ಕಾಲೇಜಿಗೂ ಆ ದಿನವೇ ಹೋಗಿಬರಲಿ. ಪ್ರವೇಶದ ಕೊನೆಯ ದಿನಾಂಕಗಳು ಯಾರಿಗಾಗಿಯೂ ಕಾಯುವುದಿಲ್ಲ.